ಓಡುವ ಯಂತ್ರ, ಉಳಿಯುವ ವಿದ್ಯೆ

ಹಿಂದಿನವರು ಬಿಟ್ಟುಹೋದ ವಸ್ತುಗಳನ್ನು ಕಾಪಾಡಬೇಕೆಂಬುದು ನಾಗರಿಕ ಜನಾಂಗಗಳೆಲ್ಲ ಒಪ್ಪಿರುವ ಮಾತು. ಶಾಸನವೊಂದನ್ನು ಮಳೆಗಾಳಿಗಳಿಂದ ರಕ್ಷಿಸಿ ನಿಲ್ಲಿಸಿದರೆ ಸಾಕು, ಸಾವಿರ ವರ್ಷಗಳ ನಂತರವೂ ಓದಬಲ್ಲವರೊಡನೆ ಅದು ಮಾತನಾಡುತ್ತದೆ. ಶಿಲ್ಪವೂ ಹಾಗೆಯೇ, ನಿಂತಲ್ಲಿಯೇ ನಿಂತು ತನ್ನ ಚೆಲುವನ್ನು ತೋರುತ್ತದೆ. ಆದರೆ ಯಂತ್ರದ ಪ್ರಕೃತಿ ಬೇರೆ. ಅದರ ಅರ್ಥವಿರುವುದು ಚಲನೆಯಲ್ಲಿ. ಉಗಿ ಕಾಣದ ಎಂಜಿನ್ನನ್ನು, ಚಕ್ರ ತಿರುಗದ ಮೋಟಾರನ್ನು ಎಷ್ಟೇ ಒರೆಸಿ ಹೊಳಪೇರಿಸಿದರೂ ನೋಡುವವನಿಗೆ ದೊರೆಯುವುದು ಅದರ ಆಕಾರ ಮಾತ್ರ. ಅದು ಹೇಗೆ ಉಸಿರಾಡುತ್ತಿತ್ತು, ಎಲ್ಲಿ ಮುನಿಯುತ್ತಿತ್ತು, ಯಾರ ಕೈಗೆ ಒಲಿಯುತ್ತಿತ್ತು ಎಂಬುದು ತಿಳಿಯುವುದಿಲ್ಲ.

ಇದನ್ನು ಮನಗಂಡ ಹವ್ಯಾಸಿಗಳು ಲೋಕದ ಅನೇಕ ಕಡೆಗಳಲ್ಲಿ ಇದ್ದಾರೆ. ಕೆಲವರು ತುಕ್ಕು ಹಿಡಿದು ಮೂಲೆ ಸೇರಿದ ಹಳೆಯ ವಾಹನಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಹೊಸದಾಗಿ ಮಾಡಿ ಮತ್ತೆ ರಸ್ತೆಗೆ ಇಳಿಸುತ್ತಾರೆ. ಇನ್ನು ಕೆಲವರು ಮೇಜಿನ ಮೇಲೆ ನಿಲ್ಲುವಷ್ಟು ಪುಟ್ಟ ಎಂಜಿನ್ನುಗಳನ್ನು ತಮ್ಮ ಕೈಯಿಂದಲೇ ನಿರ್ಮಿಸಿ, ಅವು ನಿಜವಾದ ಉಗಿಯಿಂದಲೇ ಓಡುವಂತೆ ಮಾಡುತ್ತಾರೆ. ದೊಡ್ಡವರು ಆಟಿಕೆಗಳೊಡನೆ ಕಾಲ ಕಳೆಯುತ್ತಿದ್ದಾರೆಂದು ಇವರನ್ನು ಕಂಡು ನಗುವವರುಂಟು. ಆ ನಗೆ ಸಲ್ಲದು. ಬರಹದಲ್ಲಿ ಪೂರ್ಣವಾಗಿ ಹಿಡಿಯಲಾಗದ ಒಂದು ವಿದ್ಯೆಗೆ ಇವರು ಕಾವಲುಗಾರರಾಗಿದ್ದಾರೆಂಬುದು ನನ್ನ ಅಭಿಪ್ರಾಯ.

ಪುಟ್ಟ ಎಂಜಿನ್ನು ಆಟಿಕೆಯೆಂದು ಭಾವಿಸುವವರು ಜೇಮ್ಸ್ ವಾಟನ ಚರಿತ್ರೆಯನ್ನು ನೆನೆಯಬೇಕು. 1763ರ ಹೊತ್ತಿಗೆ ಅವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ತಯಾರಿಸುವ, ದುರಸ್ತು ಮಾಡುವ ಕುಶಲಕರ್ಮಿಯಾಗಿದ್ದನು. ಗಣಿಗಳಿಂದ ನೀರೆತ್ತಲು 1712ರಿಂದ ಬಳಕೆಯಲ್ಲಿದ್ದ ನ್ಯೂಕಮೆನ್ನನ ಉಗಿಯಂತ್ರದ ಚಿಕ್ಕ ಮಾದರಿಯೊಂದು ಅಲ್ಲಿ ಪಾಠಕ್ಕಾಗಿ ಇತ್ತು. ಅದು ಸರಿಯಾಗಿ ನಡೆಯುತ್ತಿರಲಿಲ್ಲ. ದುರಸ್ತು ಮಾಡಿದ ಮೇಲೂ ಕೆಲವೇ ಏಟುಗಳನ್ನು ಹಾಕಿ, ಬಾಯ್ಲರಿನ ಉಗಿಯನ್ನೆಲ್ಲ ನುಂಗಿ ಅದು ನಿಂತುಬಿಡುತ್ತಿತ್ತು. ಭಾಗಗಳೆಲ್ಲ ಸರಿಯಾಗಿರುವಾಗ ದೋಷವೆಲ್ಲಿದೆ? ವಾಟನು ಈ ಪ್ರಶ್ನೆಯನ್ನು ಬಿಡಲಿಲ್ಲ.

ಆ ಯಂತ್ರದಲ್ಲಿ ಸಿಲಿಂಡರಿಗೆ ಉಗಿಯನ್ನು ತುಂಬಿ, ಅನಂತರ ಅದರೊಳಗೆ ತಣ್ಣೀರನ್ನು ಚಿಮ್ಮಿಸುತ್ತಿದ್ದರು. ಉಗಿ ನೀರಾಗಿ ಕುಗ್ಗಿದೊಡನೆ ಒಳಗೆ ನಿರ್ವಾತವುಂಟಾಗಿ ಹೊರಗಿನ ವಾಯುಭಾರವು ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿತ್ತು. ಹೀಗಾಗಿ ಪ್ರತಿಯೊಂದು ಏಟಿಗೂ ಸಿಲಿಂಡರಿನ ಗೋಡೆ ತಣ್ಣಗಾಗಿ, ಮತ್ತೆ ಕಾಯಬೇಕಾಗಿತ್ತು. ಗೋಡೆಯನ್ನು ಕಾಯಿಸುವುದರಲ್ಲಿಯೇ ಬಹುಪಾಲು ಉಗಿ ವ್ಯಯವಾಗುತ್ತಿತ್ತು. ದೊಡ್ಡ ಯಂತ್ರದಲ್ಲಿಯೂ ಈ ದೋಷವಿದ್ದಿತು. ಚಿಕ್ಕದರಲ್ಲಿ ಅದು ಎದ್ದು ಕಂಡಿತು. ಇದಕ್ಕೆ ಕಾರಣ ಸರಳವಾದ ಗಣಿತ. ಒಂದು ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಅದರ ಮೇಲ್ಮೈ ನೂರನೆಯ ಒಂದು ಭಾಗವಾಗುತ್ತದೆ, ಗಾತ್ರವಾದರೋ ಸಾವಿರದ ಒಂದು ಭಾಗವಾಗುತ್ತದೆ. ಎಂದರೆ ಒಳಗಿರುವ ಅಷ್ಟೇ ಉಗಿಗೆ ಹತ್ತರಷ್ಟು ತಣ್ಣನೆಯ ಗೋಡೆ ತಗಲುತ್ತದೆ. ಸಿಲಿಂಡರು ಸದಾ ಬಿಸಿಯಾಗಿರಲಿ, ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸೋಣ ಎಂಬ ಉಪಾಯವು 1765ರಲ್ಲಿ ವಾಟನಿಗೆ ಹೊಳೆಯಿತು. 1769ರಲ್ಲಿ ಅದಕ್ಕೆ ಏಕಸ್ವದ ಹಕ್ಕು ದೊರೆಯಿತು. ಕೈಗಾರಿಕೆಯ ಇತಿಹಾಸವನ್ನೇ ತಿರುಗಿಸಿದ ಆಲೋಚನೆಯೊಂದು ಹುಟ್ಟಿದ್ದು ಓಡಲೊಲ್ಲದ ಪುಟ್ಟ ಮಾದರಿಯೊಂದನ್ನು ಓಡಿಸಲು ಹೊರಟಾಗ. ಅದನ್ನು ಕಪಾಟಿನಲ್ಲಿ ಸುಮ್ಮನೆ ಇಟ್ಟಿದ್ದರೆ ಅದು ಯಾರಿಗೂ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಇಂತಹ ಮಾದರಿಗಳ ನಿರ್ಮಾಣವು ಬ್ರಿಟನ್ನಿನಲ್ಲಿ ಕಾಲಕ್ರಮದಲ್ಲಿ ಒಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬುವನು ಇದಕ್ಕಾಗಿಯೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಹಗಲೆಲ್ಲ ಬೇರೆ ಕಸುಬಿನಲ್ಲಿ ದುಡಿದವರು ಸಂಜೆ ಮನೆಯ ಹಿಂದಿನ ಚಿಕ್ಕ ಕೊಠಡಿಯಲ್ಲಿ ಲೇತಿನ ಮುಂದೆ ನಿಂತರು. ಎರಕದ ತುಂಡನ್ನು ಕಡೆದು ಸಿಲಿಂಡರು ಮಾಡಿದರು. ತಾಮ್ರದ ತಗಡನ್ನು ಬಗ್ಗಿಸಿ, ಬೆಳ್ಳಿಯ ಬೆಸುಗೆ ಹಾಕಿ ಬಾಯ್ಲರು ಕಟ್ಟಿದರು. ಹೊಸ ಬಾಯ್ಲರಿಗೆ ಉಗಿ ಹಿಡಿಸುವ ಮೊದಲು ಅದರಲ್ಲಿ ನೀರು ತುಂಬಿ, ಮುಂದೆ ಕೆಲಸ ಮಾಡುವಾಗ ಇರುವ ಒತ್ತಡದ ಎರಡರಷ್ಟನ್ನು ಹಾಕಿ ಪರೀಕ್ಷಿಸುವುದು ಇವರ ಕಟ್ಟಳೆ. ನೀರು ಉಗಿಯಂತೆ ಕುಗ್ಗಿ ಹಿಗ್ಗುವ ವಸ್ತುವಲ್ಲವಾದುದರಿಂದ, ಬೆಸುಗೆ ಬಿಟ್ಟರೂ ಬಾಯ್ಲರು ಸಿಡಿಯದೆ ನೀರು ಸೋರುತ್ತದೆ, ಅಷ್ಟೆ. ಎಚ್ಚರವೂ ಈ ವಿದ್ಯೆಯ ಒಂದು ಭಾಗ. ಕೂದಲೆಳೆಯಷ್ಟು ತಪ್ಪಿದರೂ ಪಿಸ್ಟನ್ನು ಬಿಗಿಯುತ್ತದೆ, ಇಲ್ಲವೆ ಉಗಿ ಸೋರುತ್ತದೆ. ಲೋಹವು ಮುಖಸ್ತುತಿಗೆ ಮಣಿಯುವುದಿಲ್ಲ. ಮಾಡಿದವನ ಕೆಲಸ ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ಎಂಜಿನ್ನೇ ಓಡಿ ಅಥವಾ ನಿಂತು ಹೇಳಿಬಿಡುತ್ತದೆ.

ಹಳೆಯ ವಾಹನಗಳನ್ನು ಓಡಿಸುವವರ ಕಾರ್ಯವೂ ಇದೇ ಬಗೆಯದು. 1896ರ ನವೆಂಬರಿನಲ್ಲಿ ಬ್ರಿಟನ್ನು ಮೋಟಾರುಗಳ ವೇಗದ ಮಿತಿಯನ್ನು ಸಡಿಲಿಸಿದಾಗ ಕೆಲವರು ಲಂಡನ್ನಿನಿಂದ ಬ್ರೈಟನ್ ಪಟ್ಟಣದವರೆಗೆ ಮೋಟಾರುಗಳನ್ನು ನಡೆಸಿ ಸಂತೋಷಪಟ್ಟರು. ಅದರ ನೆನಪಿಗಾಗಿ 1927ರಿಂದ, ಯುದ್ಧಕಾಲವೇ ಮುಂತಾದ ಕೆಲವು ವರ್ಷಗಳನ್ನು ಬಿಟ್ಟರೆ, ಪ್ರತಿವರ್ಷವೂ 1905ಕ್ಕಿಂತ ಹಿಂದಿನ ವಾಹನಗಳು ಆ ದಾರಿಯಲ್ಲಿ ಸಾಗುತ್ತವೆ. ವೇಲ್ಸಿನ ಟ್ಯಾಲಿಲಿನ್ ಎಂಬ ಪುಟ್ಟ ರೈಲುಮಾರ್ಗವು ಮುಚ್ಚುವ ಸ್ಥಿತಿಗೆ ಬಂದಾಗ ಎಲ್.ಟಿ.ಸಿ. ರೋಲ್ಟ್ ಮೊದಲಾದ ಆಸಕ್ತರು 1951ರಲ್ಲಿ ಅದರ ಹೊಣೆಯನ್ನು ಹೊತ್ತು, ಸ್ವಯಂಸೇವಕರ ದುಡಿಮೆಯಿಂದಲೇ ನಡೆಸಿದರು.

ಇವರು ಇಲ್ಲದಿದ್ದರೆ ಆಗುವ ನಷ್ಟವೇನು? ಇದಕ್ಕೆ ‘ಟೊರ್ನೇಡೊ’ ಎಂಬ ಉಗಿ ಎಂಜಿನ್ನಿನ ಕಥೆಯೇ ಉತ್ತರ. ಬ್ರಿಟನ್ನಿನಲ್ಲಿ 1948-49ರಲ್ಲಿ ತಯಾರಾದ ಒಂದು ಜಾತಿಯ 49 ಎಂಜಿನ್ನುಗಳೂ 1966ರ ಹೊತ್ತಿಗೆ ಗುಜರಿಯ ಪಾಲಾಗಿದ್ದವು. ಆ ಜಾತಿಯ ಹೊಸ ಎಂಜಿನ್ನೊಂದನ್ನು ಕಟ್ಟಲು ಹವ್ಯಾಸಿಗಳು 1990ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಸಾವಿರಾರು ಜನರಿಂದ ಹಣ ಕೂಡಿಸಿ, 2008ರಲ್ಲಿ ಕೆಲಸವನ್ನು ಮುಗಿಸಿದರು. ಆದರೆ ಅದರ ಬಾಯ್ಲರನ್ನು ಮಾಡಿಸಲು ಅವರು ಜರ್ಮನಿಯ ಮೈನಿಂಗೆನ್ ಪಟ್ಟಣದ ಕಾರ್ಖಾನೆಗೆ ಹೋಗಬೇಕಾಯಿತು. ರೈಲು ಎಂಜಿನ್ನು ಹುಟ್ಟಿದ ನಾಡಿನಲ್ಲಿಯೇ ಅಂತಹ ದೊಡ್ಡ ಬಾಯ್ಲರನ್ನು ಕಟ್ಟುವ ಕಾರ್ಖಾನೆ ಉಳಿದಿರಲಿಲ್ಲ! ನಕ್ಷೆಗಳಿದ್ದವು, ಪುಸ್ತಕಗಳಿದ್ದವು, ಬಳಕೆ ತಪ್ಪಿದ ಕೈಗಳು ಮಾತ್ರ ಇರಲಿಲ್ಲ. ಒಂದು ವಿದ್ಯೆ ನಶಿಸಲು ಶತಮಾನಗಳು ಬೇಕಿಲ್ಲ, ಕಲಿಸುವವನಿಗೂ ಕಲಿಯುವವನಿಗೂ ನಡುವೆ ಒಂದು ತಲೆಮಾರಿನ ಅಂತರ ಬಿದ್ದರೆ ಸಾಕು.

ಈ ಹವ್ಯಾಸದ ಮೇಲೆ ಆಕ್ಷೇಪಣೆಗಳಿಲ್ಲದಿಲ್ಲ. ಇದು ಧನಿಕರ ಆಡಂಬರವೆಂಬುದು ಮೊದಲನೆಯದು. ಅಪರೂಪದ ಮೋಟಾರುಗಳ ವಿಷಯದಲ್ಲಿ ಈ ಮಾತು ಸ್ವಲ್ಪಮಟ್ಟಿಗೆ ನಿಜ. ಆದರೆ 1920ರ ದಶಕದಿಂದ ಎಲ್.ಬಿ.ಎಸ್.ಸಿ. ಎಂಬ ಅಂಕಿತದಲ್ಲಿ ಬರೆದು ಅಸಂಖ್ಯಾತರಿಗೆ ಪುಟ್ಟ ಎಂಜಿನ್ನು ಮಾಡುವುದನ್ನು ಕಲಿಸಿದ ಲೇಖಕನು ರೈಲ್ವೆಯಲ್ಲಿ ದುಡಿದು ಬಂದವನೇ ಹೊರತು ಸಿರಿವಂತನಲ್ಲ. ಹೊಗೆಯ ಮಾತು ಎರಡನೆಯದು. ಹಳೆಯ ಎಂಜಿನ್ನು ಹೊಗೆಯುಗುಳುವುದು ದಿಟ. ಆದುದರಿಂದ ಅದನ್ನು ನಿತ್ಯದ ಸಂಚಾರಕ್ಕೆ ಬಳಸದೆ, ವರ್ಷದಲ್ಲಿ ಕೆಲವೇ ದಿನ ಓಡಿಸುವುದು ವಿವೇಕ. ಮೂರನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ಓಡಿದರೆ ಯಂತ್ರ ಸವೆಯುತ್ತದೆ, ಸವೆದುದನ್ನು ಬದಲಿಸುತ್ತ ಹೋದರೆ ಮೂಲವಸ್ತುವೇ ಇಲ್ಲವಾಗುತ್ತದೆ. ಇದಕ್ಕೂ ದಾರಿಯಿದೆ. ಜಾರ್ಜ್ ಮತ್ತು ರಾಬರ್ಟ್ ಸ್ಟೀಫನ್‌ಸನ್ನರ 1829ರ ‘ರಾಕೆಟ್’ ಎಂಜಿನ್ನನ್ನು ವಸ್ತುಸಂಗ್ರಹಾಲಯದಲ್ಲಿ ಹಾಗೆಯೇ ಇಟ್ಟು, 1979ರಲ್ಲಿ ಅದರ ಪ್ರತಿರೂಪವೊಂದನ್ನು ಕಟ್ಟಿ ಓಡಿಸಿದರು. ಮೂಲವು ವಿಶ್ರಮಿಸಲಿ, ಪ್ರತಿರೂಪವು ಓಡಲಿ. ಹಾಗೆ ಕಟ್ಟುವುದರಲ್ಲಿಯೇ ವಿದ್ಯೆಯೂ ಕೈಯಿಂದ ಕೈಗೆ ದಾಟುತ್ತದೆ.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾಗಿ 1855ರಲ್ಲಿ ಭಾರತಕ್ಕೆ ಬಂದ ‘ಫೇರಿ ಕ್ವೀನ್’ ಎಂಜಿನ್ನು ದೀರ್ಘಕಾಲದ ವಿಶ್ರಾಂತಿಯ ನಂತರ 1997ರಲ್ಲಿ ನಮ್ಮ ರೈಲ್ವೆಯ ಕುಶಲಕರ್ಮಿಗಳ ಶ್ರಮದಿಂದ ದೆಹಲಿಯಿಂದ ಆಲ್ವಾರಿಗೆ ಮತ್ತೆ ಪ್ರಯಾಣಿಕರನ್ನು ಒಯ್ದಿತು. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರುಸೈಕಲ್ಲುಗಳ ಹಳೆಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದೇ ಸನ್ನೆಯಿಂದ ಎಂಜಿನ್ನನ್ನು ಒದ್ದು ಎಬ್ಬಿಸುವುದಕ್ಕೂ ಗೇರು ಬದಲಿಸುವುದಕ್ಕೂ ಬರುತ್ತಿದ್ದ ಆ ವಾಹನಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಓಡಾಡುತ್ತಿವೆಯಾದರೆ, ಅದು ಅವುಗಳನ್ನು ಪ್ರೀತಿಸಿ ಉಳಿಸಿಕೊಂಡವರ ಮತ್ತು ಹೆಸರಿಲ್ಲದ ಮೇಸ್ತ್ರಿಗಳ ಪುಣ್ಯ. ಎಂಜಿನ್ನಿನ ಸದ್ದನ್ನು ಆಲಿಸಿಯೇ ದೋಷವನ್ನು ಹೇಳಬಲ್ಲ ಆ ಮೇಸ್ತ್ರಿಯ ಅರಿವು ಯಾವ ಗ್ರಂಥದಲ್ಲಿಯೂ ಇಲ್ಲ. ನಮ್ಮ ಊರುಗಳ ತೇರನ್ನೇ ನೋಡಿ. ವರ್ಷವರ್ಷವೂ ಎಳೆಯುವ ತೇರಿಗೆ ಅಚ್ಚು, ಗಾಲಿ, ಹಗ್ಗಗಳನ್ನು ನೋಡಿ ಸರಿಪಡಿಸುವ ಬಡಗಿಯೂ ಇರುತ್ತಾನೆ, ಅವನಿಂದ ಕಲಿಯುವ ಮಗನೂ ಇರುತ್ತಾನೆ. ಎಳೆಯದೆ ನಿಲ್ಲಿಸಿದ ತೇರಿಗೆ ಗೆದ್ದಲು ಹಿಡಿಯುತ್ತದೆ. ಅದರೊಡನೆ ಆ ಕಸುಬೂ ಮರೆತುಹೋಗುತ್ತದೆ.

ಇಂದಿನ ಯಂತ್ರಗಳು ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಗಳಾಗಿವೆ. ಕೆಟ್ಟರೆ ಎಸೆದು ಹೊಸದನ್ನು ಕೊಳ್ಳುವುದು ರೂಢಿಯಾಗಿದೆ. ಬಳಸಲು ಬಲ್ಲವರು ಹೆಚ್ಚಿ, ಬಿಚ್ಚಿ ಜೋಡಿಸಬಲ್ಲವರು ಕಡಿಮೆಯಾದ ಸಮಾಜವು ತನ್ನ ಉಪಕರಣಗಳಿಗೆ ತಾನೇ ಅಧೀನವಾಗುತ್ತದೆ. ಎಲ್ಲರೂ ಉಗಿಯಂತ್ರವನ್ನು ಕಟ್ಟಬೇಕೆಂದು ಯಾರೂ ಹೇಳರು. ಆದರೆ ವಿದ್ಯಾರ್ಥಿಯಾದವನು ಮನೆಯ ಸೈಕಲ್ಲಿನ ಸರಪಣಿಯನ್ನಾದರೂ ತನ್ನ ಕೈಯಿಂದ ಬಿಚ್ಚಿ, ತೊಳೆದು, ಮತ್ತೆ ಜೋಡಿಸಲಿ. ಕೈ ಕೆಸರಾದರೆ ಬಾಯಿ ಮೊಸರೆಂದರು ನಮ್ಮ ಹಿರಿಯರು. ಕೈಗೆ ಎಣ್ಣೆಯ ಮಸಿ ಹತ್ತಿದಾಗ ಬುದ್ಧಿಗೂ ಹೊಳಪು ಬರುತ್ತದೆಂಬುದನ್ನು ಗ್ಲಾಸ್ಗೋವಿನ ಆ ಕುಶಲಕರ್ಮಿ ಲೋಕಕ್ಕೆ ತೋರಿಸಿಕೊಟ್ಟಿದ್ದಾನೆ.