ಕ್ಷಿಪಣಿಯಂತೆ, ಕ್ಷಿಪಣಿ!

ಪ್ರತಿಕಾಯಕ್ಕೆ ಆರ್‌ಎನ್‌ಎಯ ಪುಟ್ಟ ಎಳೆಯೊಂದನ್ನು ರಾಸಾಯನಿಕವಾಗಿ ಬೆಸೆದ ಹೊಸ ಔಷಧಿಗಳ ಬಗ್ಗೆ ಬರೆಯುವವರಿಗೆಲ್ಲ ಒಂದೇ ಉಪಮೆ ಸಿಕ್ಕಿದೆ. "ರೋಗವಿರುವ ಕೋಶಕ್ಕೇ ಹೋಗಿ ಬಡಿಯುವ ಕ್ಷಿಪಣಿ." ವಿಜ್ಞಾನ ಪಾಠ ಮಾಡುವ ನಮಗೆ ಇದನ್ನು ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು.

ಮಯೋಟಾನಿಕ್ ಡಿಸ್ಟ್ರೊಫಿ ಎಂಬ ಆನುವಂಶಿಕ ರೋಗವನ್ನೇ ತೆಗೆದುಕೊಳ್ಳಿ. ಬಿಗಿಹಿಡಿದ ಕೈ ಬೇಗ ಬಿಡಿಸಲು ಬರುವುದಿಲ್ಲ, ಸ್ನಾಯು ಸವೆಯುತ್ತದೆ, ಹೃದಯಕ್ಕೂ ತಟ್ಟುತ್ತದೆ. ಡಿಎಂಪಿಕೆ ಎಂಬ ಜೀನಿನಲ್ಲಿ ಮೂರಕ್ಷರದ ತುಣುಕೊಂದು ಮಿತಿಮೀರಿ ಪುನರಾವರ್ತನೆಯಾಗಿರುತ್ತದೆ. ಅದರಿಂದ ಹುಟ್ಟುವ ಆರ್‌ಎನ್‌ಎ, ಕೋಶಕ್ಕೆ ಬೇಕಾದ ಪ್ರೊಟೀನುಗಳನ್ನು ಕಟ್ಟಿಹಾಕಿಬಿಡುತ್ತದೆ. ಆ ಕೆಟ್ಟ ಆರ್‌ಎನ್‌ಎಯನ್ನು ಕತ್ತರಿಸುವ ಎಳೆಯನ್ನು ಪ್ರತಿಕಾಯದ ಬೆನ್ನಿಗೆ ಕಟ್ಟಿ ಸ್ನಾಯುವಿಗೆ ಕಳಿಸುವುದು ಅಮೆರಿಕದ ಅವಿಡಿಟಿ ಕಂಪೆನಿಯ ಉಪಾಯ. ಒಳ್ಳೆಯ ಉಪಾಯವೇ, ಅದರಲ್ಲಿ ನಮಗೆ ತಕರಾರಿಲ್ಲ.

ಆದರೆ ಆ ಪ್ರತಿಕಾಯ ಹುಡುಕುವುದು ರೋಗವನ್ನಲ್ಲ ಮಾರಾಯರೆ! ಕಬ್ಬಿಣವನ್ನು ಒಳಗೆಳೆದುಕೊಳ್ಳಲು ಕೋಶಗಳು ಇಟ್ಟುಕೊಂಡಿರುವ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು. ಅದು ಸ್ನಾಯುವಿನಲ್ಲೂ ಇದೆ, ಕೆಂಪು ರಕ್ತಕಣ ತಯಾರಾಗುವಲ್ಲಿ ಇನ್ನೂ ಧಾರಾಳವಾಗಿದೆ. "ಹೆಂಚಿನ ಮನೆಗೆ ಕೊಡು" ಎಂದು ಅಂಚೆಯವನಿಗೆ ಕಾಗದ ಕೊಟ್ಟ ಹಾಗೆ. ಪ್ರಯೋಗದಲ್ಲಿ ಕೆಲವರ ಹಿಮೋಗ್ಲೋಬಿನ್ ಇಳಿದದ್ದನ್ನು ಕ್ಷಿಪಣಿಯವರು ಬರೆಯುವುದಿಲ್ಲ.

ಬಾಗಿಲು ದಾಟಿದ್ದಾದರೂ ಒಳಗೆ ಹೋಯಿತೆ? ಹೆಚ್ಚಿನದೆಲ್ಲ ಎಂಡೋಸೋಮ್ ಎಂಬ ಚೀಲದಲ್ಲೇ ಸಿಕ್ಕಿಬೀಳುತ್ತದೆ. ಇಂಥ ಎಳೆಗಳಲ್ಲಿ ನೂರಕ್ಕೆ ಒಂದೋ ಎರಡೋ ತಪ್ಪಿಸಿಕೊಂಡು ಕೆಲಸಕ್ಕೆ ಇಳಿಯುತ್ತವೆ ಎಂಬುದು ಈ ಕ್ಷೇತ್ರದವರೇ ಹೇಳುವ ಅಂದಾಜು. ಅಷ್ಟರಲ್ಲೇ, 2022ರ ಡಿಸೆಂಬರಿನ ಮೊದಲ ಲೆಕ್ಕದಂತೆ, ರೋಗಿಗಳ ಸ್ನಾಯುವಿನಲ್ಲಿ ಡಿಎಂಪಿಕೆ ಆರ್‌ಎನ್‌ಎ ಸರಾಸರಿ ಶೇ. 45ರಷ್ಟು ಇಳಿಯಿತು. ನಮ್ಮ ದೃಷ್ಟಿಯಲ್ಲಿ ದೊಡ್ಡ ಸುದ್ದಿ ಇದು. ಇದಕ್ಕೆ ಕ್ಷಿಪಣಿಯ ಬಣ್ಣ ಯಾಕೆ ಬೇಕಿತ್ತು?

ಮನೆಯಲ್ಲಿ ಇಂಥ ರೋಗಿಯಿರುವವರು "ಕ್ಷಿಪಣಿ" ಎಂದು ಓದಿದರೆ, ಬೇರೆಲ್ಲೂ ಏನೂ ಆಗದು ಎಂದುಕೊಳ್ಳುವುದಿಲ್ಲವೆ? ಅದೇ 2022ರ ಸೆಪ್ಟೆಂಬರಿನಲ್ಲಿ ಒಬ್ಬ ರೋಗಿಗೆ ಗಂಭೀರ ತೊಂದರೆಯಾಗಿ, ಹೊಸಬರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳದಂತೆ ಅಮೆರಿಕದ ಎಫ್‌ಡಿಎ ತಡೆಹಾಕಿತ್ತು. ತಡೆ ಪೂರ್ತಿ ತೆರವಾದದ್ದು 2024ರ ಅಕ್ಟೋಬರಿನಲ್ಲಿ. 2025ರಲ್ಲಿ ನೋವಾರ್ಟಿಸ್ ಈ ಕಂಪೆನಿಯನ್ನು ಸುಮಾರು 12 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿದ್ದು ಮಾತ್ರ ಎಲ್ಲರ ತಲೆಬರಹಕ್ಕೂ ಬಂತು.

ಇನ್ನಾದರೂ "ಹೊರೆಯಾಳು" ಎಂದು ಬರೆಯಿರಿ. ಹೊರೆ ಎಷ್ಟು ತಲುಪಿತು, ದಾರಿಯಲ್ಲಿ ಎಲ್ಲೆಲ್ಲಿ ಇಳಿಸಿದ ಎಂದು ಕೇಳಲು ಓದುವವರಿಗೆ ತೋಚೀತು.