ಕತ್ತಲ ಮನೆಯ ಪುನರ್ದರ್ಶನ

ಭಯಾನಕ ಚಿತ್ರವೆಂದೊಡನೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ರಕ್ತ ಹರಿಸದೆ ಎದೆ ನಡುಗಿಸುವ ಕಲೆಯೊಂದು ಹಿಂದೆ ಇದ್ದಿತು. 1932ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸಂಸ್ಥೆ ತೆರೆಗಿತ್ತ ‘ದಿ ಓಲ್ಡ್ ಡಾರ್ಕ್ ಹೌಸ್’ ಅದಕ್ಕೆ ನಿದರ್ಶನ. ಜೆ. ಬಿ. ಪ್ರೀಸ್ಟ್ಲಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಿರ್ದೇಶಕರು ‘ಫ್ರಾಂಕೆನ್‌ಸ್ಟೈನ್’ ಖ್ಯಾತಿಯ ಜೇಮ್ಸ್ ವೇಲ್.

ವೇಲ್ಸ್ ಪ್ರಾಂತದ ಗುಡ್ಡಗಾಡು, ಬಿಡದೆ ಸುರಿಯುವ ಮಳೆ. ದಾರಿ ಕಾಣದ ಪ್ರಯಾಣಿಕರು ಹಳೆಯ ಮನೆಯೊಂದರ ಕದ ತಟ್ಟುತ್ತಾರೆ. ತೆರೆಯುವವನು ಮಾತು ಬಾರದ, ಮುಖದ ತುಂಬ ಗಾಯದ ಗುರುತುಳ್ಳ ಆಳು. ಆ ಪಾತ್ರ ಬೋರಿಸ್ ಕಾರ್ಲಾಫ್ ಅವರದು. ಮನೆಯೊಡೆಯ ಅಂಜುಬುರುಕ. ಕಿವಿ ಮಂದವಾದ ಅವನ ಸೋದರಿಯೋ ಬಂದವರಿಗೆ ಹಾಸಿಗೆಯಿಲ್ಲವೆಂದು ಕೂಗುತ್ತಲೇ ಇರುತ್ತಾಳೆ. ಮಾಳಿಗೆಯಲ್ಲಿ 102 ವರ್ಷದ ತಂದೆ, ಅದಕ್ಕೂ ಮೇಲೆ ಬೀಗ ಜಡಿದ ಕೋಣೆ. ಬೇಯಿಸಿದ ಆಲೂಗಡ್ಡೆಯನ್ನು ಅತಿವಿನಯದಿಂದ ನೀಡುವ ಊಟದ ದೃಶ್ಯವೊಂದಿದೆ. ಉಪಚಾರದ ಮಾತು ಇಷ್ಟು ಹೆದರಿಸಬಲ್ಲುದೆಂದು ನಾನು ಎಣಿಸಿರಲಿಲ್ಲ. ಅಂದಹಾಗೆ, ಆ ಮುದಿ ತಂದೆಯ ಪಾತ್ರ ವಹಿಸಿದವರು ಒಬ್ಬ ಮಹಿಳೆ, ಎಲ್ಸ್‌ಪೆತ್ ಡಜನ್. ತೆರೆಯ ಮೇಲೆ ಮಾತ್ರ ಪುರುಷನ ಹೆಸರು!

ಕಾಲಕ್ರಮದಲ್ಲಿ ಕಥೆಯ ಹಕ್ಕು ಯೂನಿವರ್ಸಲ್‌ನ ಕೈತಪ್ಪಿತು. 1963ರಲ್ಲಿ ವಿಲಿಯಂ ಕ್ಯಾಸಲ್ ಅದೇ ಕಥೆಯನ್ನು ಮತ್ತೆ ಚಿತ್ರಿಸಿದರು. ಮೂಲಚಿತ್ರವಾದರೋ ನಾಶವಾಯಿತೆಂದೇ ಬಹುಜನರು ನಂಬಿದ್ದರು. ವೇಲ್ ಅವರ ಗೆಳೆಯರಾಗಿದ್ದ ನಿರ್ದೇಶಕ ಕರ್ಟಿಸ್ ಹ್ಯಾರಿಂಗ್ಟನ್ ಪಟ್ಟುಬಿಡದೆ ಹುಡುಕಿಸಿದ ಫಲವಾಗಿ 1968ರಲ್ಲಿ ಅದು ಯೂನಿವರ್ಸಲ್‌ನ ಉಗ್ರಾಣದಲ್ಲೇ ದೊರೆಯಿತು. ತಾನು ಹೆತ್ತ ಕೂಸು ಮನೆಯೊಳಗೇ ಇರುವುದು ಸಂಸ್ಥೆಗೇ ತಿಳಿದಿರಲಿಲ್ಲ. ಜಾರ್ಜ್ ಈಸ್ಟ್‌ಮನ್ ಹೌಸ್‌ನ ನೆರವಿನಿಂದ ಚಿತ್ರ ಉಳಿಯಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಇಂತಹ ಭಾಗ್ಯ ಒದಗಲಿಲ್ಲ, ಅದರ ಪ್ರತಿ ಎಲ್ಲಿಯೂ ಲಭ್ಯವಿಲ್ಲ.

ಹಿಂದಿನ ವೀಡಿಯೊ ಪ್ರತಿಗಳು ಮಸುಕಾಗಿದ್ದವು. 2017ರಲ್ಲಿ ಪುನರುಜ್ಜೀವನಗೊಂಡು ಬ್ಲೂ-ರೇ ತಟ್ಟೆಯಲ್ಲಿ ಬಂದ ಪ್ರತಿಯಲ್ಲಿ ಛಾಯಾಗ್ರಾಹಕ ಆರ್ಥರ್ ಎಡೆಸನ್ ಅವರ ನೆರಳು-ಬೆಳಕಿನ ಕುಸುರಿ ನಿಚ್ಚಳವಾಗಿದೆ. ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬೀಳುವ ನೆರಳೇ ಇಲ್ಲಿಯ ಭೂತ. ಅವಧಿ ಕೇವಲ 72 ನಿಮಿಷ. ಕುಡಿದ ಆಳು ಹೆಣ್ಣುಮಗಳ ಮೇಲೆರಗುವ ಸನ್ನಿವೇಶವಿರುವುದರಿಂದ ಚಿಕ್ಕಮಕ್ಕಳಿಗೆ ಬೇಡ. ಬೆಳೆದ ಮಕ್ಕಳೊಡನೆ ಕುಳಿತು ನೋಡಬಹುದು.

ಆ ಹೆಣ್ಣುಮಗಳ ಪಾತ್ರಧಾರಿ ಗ್ಲೋರಿಯಾ ಸ್ಟೂವರ್ಟ್ ಅವರನ್ನು ಓದುಗರು ಬಲ್ಲರು. 1997ರ ‘ಟೈಟಾನಿಕ್’ ಚಿತ್ರದಲ್ಲಿ ಕಥೆ ಹೇಳುವ ವೃದ್ಧೆ ಅವರೇ. ಈ ಹಳೆಯ ಚಿತ್ರದ ವೀಡಿಯೊ ತಟ್ಟೆಗೂ ಅವರು ಇಳಿವಯಸ್ಸಿನಲ್ಲಿ ತಮ್ಮ ದನಿಯಲ್ಲಿ ವಿವರಣೆ ನೀಡಿದ್ದಾರೆ.