ಮಡಚಿಟ್ಟ ಧ್ವನಿ ಬಿಚ್ಚಿದಾಗ ಹಾಗೇ ಸಿಗಬೇಕು

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಈಗ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಕೈಹಾಕುತ್ತಿದ್ದಾರೆ. ಸಂತೋಷದ ವಿಷಯ. ವಿದೇಶಕ್ಕೆ ಫೋನ್ ಮಾಡುವುದೆಂದರೆ ಜೇಬು ಖಾಲಿಯಾಗುತ್ತಿದ್ದ ಕಾಲದಲ್ಲಿ, ಗಲ್ಫಿನಿಂದ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸಿದ ಮಾತಿನ ಕ್ಯಾಸೆಟ್‌ಗಳುಂಟು. ಮದುವೆ ಮನೆಯ ಮೈಲಾಂಜಿ ಹಾಡುಗಳುಂಟು. ಅಜ್ಜಿಯಂದಿರು ಹೇಳಿದ ಕತೆ, ಗಾದೆಗಳುಂಟು. ಆದರೆ ಇಳಿಸಿದ ಮೇಲೆ ಎಂತ ಆಗ್ತದೆ? ಎಂಪಿ3 ಮಾಡಿ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ಕ್ಯಾಸೆಟನ್ನು ಗುಜರಿಗೆ ಕೊಡುವುದೂ ನಡೆಯುತ್ತಿದೆ.

ಈ ಬಗ್ಗೆ ನಮ್ಮ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇವೆ. ಮೂಲ ಪ್ರತಿ 'ಲಾಸ್‌ಲೆಸ್' ರೂಪದಲ್ಲಿ, ಅಂದರೆ ಒಂದು ಅಂಕೆಯೂ ನಷ್ಟವಾಗದ ಹಾಗೆ ಉಳಿಯಬೇಕು. ಧ್ವನಿಯನ್ನು ಮಡಚಿಡುವ ಪ್ರೋಗ್ರಾಂ ಬರೆಯುವ ನಮ್ಮ ಇಂಜಿನಿಯರ್ ಮಕ್ಕಳು, ಅದನ್ನು ಮತ್ತೆ ಬಿಚ್ಚಿ, ಮೂಲದೊಂದಿಗೆ ಹೊಂದಿಸಿ ನೋಡಿದ ಮೇಲೆಯೇ ಕೆಲಸ ಮುಗಿಯಿತು ಅನ್ನಬೇಕು.

ಎಂಪಿ3ಗೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸ ಅರ್ಥ ಮಾಡಿಕೊಳ್ಳಲು ಕಂಪ್ಯೂಟರ್ ಓದಬೇಕಾಗಿಲ್ಲ. ಗಲ್ಫಿನಿಂದ ಬರುವವರು ಸೂಟ್‌ಕೇಸ್ ತುಂಬುವುದನ್ನು ನೆನಪಿಸಿಕೊಂಡರೆ ಸಾಕು. ಬಟ್ಟೆಯನ್ನು ಚೆನ್ನಾಗಿ ಮಡಚಿ, ಅದುಮಿ ಇಟ್ಟರೆ ಜಾಗ ಉಳಿಯುತ್ತದೆ. ಊರಿಗೆ ಬಂದು ಬಿಚ್ಚಿದರೆ ಅಂಗಿ ಅಂಗಿಯೇ. ಇದು ಲಾಸ್‌ಲೆಸ್. ಜಾಗ ಸಾಲದು ಎಂದು ಅಂಗಿಯ ತೋಳು ಕತ್ತರಿಸಿ, 'ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ ಬಿಡಿ' ಎಂದು ತಂದರೆ ಅದು ಎಂಪಿ3. ಮನುಷ್ಯನ ಕಿವಿಗೆ ಸುಲಭವಾಗಿ ತಿಳಿಯದ ಭಾಗ ಯಾವುದೆಂದು ಲೆಕ್ಕ ಹಾಕಿ ಅದು ಅಷ್ಟನ್ನು ಬಿಸಾಡುತ್ತದೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಬಳಸುವ 'ಓಪಸ್' ಕೂಡ ಇದೇ ಜಾತಿಯದು. ದಿನದ ಮಾತಿಗೆ ಅದು ಬೇಕಾದಷ್ಟಾಯಿತು. ಆದರೆ ಎಂಪಿ3ಯನ್ನು ತೆರೆದು ತುಂಡು ಮಾಡಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಕತ್ತರಿ ಬೀಳುತ್ತದೆ. ಮೂಲವೇ ಹಾಗಿದ್ದರೆ ಮುಂದಿನ ಪೀಳಿಗೆಯ ಕೈಗೆ ಬರುವುದು ನಕಲಿನ ನಕಲು.

ಲಾಸ್‌ಲೆಸ್ ರೂಪಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಫ್ಲ್ಯಾಕ್'. ಇದನ್ನು ರೂಪಿಸಿದವರು ಜೋಶ್ ಕೋಲ್ಸನ್. ಮೊದಲ ಪೂರ್ಣ ಆವೃತ್ತಿ 2001ರ ಜುಲೈಯಲ್ಲಿ ಬಂತು. 2003ರಿಂದ ಅದು ಕ್ಸಿಫ್ ಸಂಸ್ಥೆಯ ಆಶ್ರಯದಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್, ಅದರ ಪೂರ್ಣ ವಿವರಣೆಯನ್ನು ಆರ್‌ಎಫ್‌ಸಿ 9639 ಎಂಬ ದಾಖಲೆಯಾಗಿ ಪ್ರಕಟಿಸಿತು. ನಮಗೆ ಇದು ಮುಖ್ಯ. ಫೈಲನ್ನು ಬಿಚ್ಚುವ ವಿಧಾನ ಯಾವುದೋ ಕಂಪೆನಿಯ ಬೀಗದೊಳಗಿಲ್ಲ, ಎಲ್ಲರೂ ಓದುವ ಹಾಗೆ ಬರೆದಿಟ್ಟದ್ದುಂಟು. ಇವತ್ತಿನ ಸಾಫ್ಟ್‌ವೇರ್‌ಗಳೆಲ್ಲ ಮೂಲೆ ಸೇರಿದರೂ, ಅದನ್ನು ಓದಿದ ಒಬ್ಬ ಹೊಸದಾಗಿ ಪ್ರೋಗ್ರಾಂ ಬರೆದು ಆ ಧ್ವನಿಯನ್ನು ಹೊರತೆಗೆಯಬಹುದು.

ಅದು ಮಡಚುವ ಉಪಾಯ ನಮ್ಮ ಅಂಗಡಿ ಲೆಕ್ಕದ ಹಾಗೆಯೇ ಸರಳ. ಧ್ವನಿ ಕಂಪ್ಯೂಟರಿನಲ್ಲಿ ಅಂಕೆಗಳ ಸಾಲು. 100, 104, 109, 115 ಎಂಬ ಸಾಲನ್ನು ನೋಡಿ. 100ರಿಂದ 104ಕ್ಕೆ ಏರಿದೆ, ಹಾಗಾದರೆ ಮುಂದಿನದು 108 ಇರಬಹುದು ಎಂದು ಊಹಿಸುತ್ತದೆ. ನಿಜವಾಗಿ ಬಂದದ್ದು 109, ಬಾಕಿ 1. ಮತ್ತೆ 114 ಎಂದು ಊಹಿಸಿದರೆ ಬಂದದ್ದು 115. ಬಾಕಿ ಪುನಃ 1. ಹೀಗೆ ಊಹೆಯ ನಿಯಮವನ್ನೂ ಬಾಕಿಯನ್ನೂ ಬರೆದಿಡುತ್ತದೆ. ಸಣ್ಣ ಅಂಕೆಗೆ ಜಾಗ ಕಡಿಮೆ ಸಾಕು. ಬಿಚ್ಚುವಾಗ ಅದೇ ಊಹೆ ಮಾಡಿ ಬಾಕಿ ಸೇರಿಸಿದರೆ ಮೂಲ ಅಂಕೆ ಚಾಚೂ ತಪ್ಪದೆ ಸಿಗುತ್ತದೆ. ಟೇಪಿನ 'ಸ್ಸ್' ಎಂಬ ಸದ್ದನ್ನು ಮಾತ್ರ ಊಹಿಸಲಾಗದು. ಹಾಗಾಗಿ ಹಳೆಯ ಕ್ಯಾಸೆಟ್‌ನ ಫೈಲ್ ನಾವೆಣಿಸಿದಷ್ಟು ಚಿಕ್ಕದಾಗದಿದ್ದರೆ ಗಾಬರಿ ಬೇಡ.

ನಾಲ್ಕೈದು ಕ್ಯಾಸೆಟ್ ಇರುವ ಮನೆಗೆ ಒಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಸಾಕು. ಅದರಿಂದಲೇ ಫ್ಲ್ಯಾಕ್ ಫೈಲ್ ತೆಗೆಯಬಹುದು. ಆದರೆ ಒಂದು ಊರಿನ, ಒಂದು ಜಮಾಅತ್‌ನ ನೂರಾರು ಕ್ಯಾಸೆಟ್‌ಗಳನ್ನು ಇಳಿಸಲು ಹೊರಟವರಿಗೆ ಒಂದೊಂದನ್ನೂ ಕೈಯಲ್ಲೇ ಮಾಡಿ ಪೂರೈಸದು. ಅಲ್ಲಿ ಬೇಕಾಗುವುದು 'ಲಿಬ್‌ಫ್ಲ್ಯಾಕ್' ಎಂಬ ಲೈಬ್ರರಿ. ಇದು ಪುಸ್ತಕದ ಲೈಬ್ರರಿ ಅಲ್ಲ. ಬಲ್ಲವರು ಬರೆದು, ಪರೀಕ್ಷಿಸಿ, ಯಾರು ಬೇಕಾದರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಲಿ ಎಂದು ಉಚಿತವಾಗಿ ಇಟ್ಟ ಕೋಡ್‌ನ ಕಟ್ಟು.

ಬಳಸುವುದು ಕಷ್ಟವಲ್ಲ. ಎನ್‌ಕೋಡರ್ ಒಂದನ್ನು ತೆರೆದು, ಚಾನೆಲ್ ಎಷ್ಟು, ಒಂದು ಸ್ಯಾಂಪಲ್‌ಗೆ ಬಿಟ್ ಎಷ್ಟು, ಸೆಕೆಂಡಿಗೆ ಸ್ಯಾಂಪಲ್ ಎಷ್ಟು ಎಂದು ಹೇಳಬೇಕು. ಎಷ್ಟು ಬಿಗಿಯಾಗಿ ಮಡಚಬೇಕೆಂದು 0ಯಿಂದ 8ರ ತನಕ ಒಂದು ಮಟ್ಟ ಆರಿಸಬೇಕು. 0 ಕೊಟ್ಟರೂ 8 ಕೊಟ್ಟರೂ ಬಿಚ್ಚಿದಾಗ ಬರುವ ಧ್ವನಿ ಒಂದೇ. ಬದಲಾಗುವುದು ಮಡಚಲು ಹಿಡಿಯುವ ಸಮಯ ಮತ್ತು ಫೈಲಿನ ಗಾತ್ರ ಮಾತ್ರ. ನಂತರ ಅಂಕೆಗಳನ್ನು ಕಂತು ಕಂತಾಗಿ ಕೊಡುತ್ತಾ ಹೋಗಿ, ಕೊನೆಗೆ 'ಫಿನಿಶ್' ಕರೆಯಬೇಕು.

ಅವಸರದವರು ಎಡವುವುದು ಈ ಕೊನೆಯ ಮೆಟ್ಟಿಲಿನಲ್ಲಿಯೇ. ಫ್ಲ್ಯಾಕ್ ಫೈಲಿನ ತಲೆಭಾಗದಲ್ಲಿ ಇಡೀ ಮೂಲ ಧ್ವನಿಯ 'ಎಂಡಿ5' ಎಂಬ ಗುರುತು ಇರುತ್ತದೆ. ಹೆಬ್ಬೆಟ್ಟಿನ ಒತ್ತಿನಂತೆ ಅಂದುಕೊಳ್ಳಿ. ಧ್ವನಿಯ ಒಂದು ಅಂಕೆ ಆಚೀಚೆ ಆದರೂ ಗುರುತು ಹೊಂದುವುದಿಲ್ಲ. ಲೈಬ್ರರಿ ಈ ಗುರುತನ್ನು ತಲೆಭಾಗಕ್ಕೆ ಬರೆಯುವುದು ಫಿನಿಶ್ ಕರೆದಾಗ. ಅದನ್ನು ಬಿಟ್ಟರೆ ಫೈಲ್ ಹಾಡಲೂಬಹುದು, ಆದರೆ ಗುರುತಿನ ಜಾಗದಲ್ಲಿ ಸೊನ್ನೆಗಳೇ ಉಳಿಯುತ್ತವೆ. ಮುಂದೆ ಯಾರಾದರೂ 'ಇದು ಮೂಲದ ಹಾಗೆಯೇ ಉಂಟಾ?' ಎಂದು ಕೇಳಿದರೆ ಉತ್ತರ ಹೇಳಲು ಸಾಕ್ಷಿಯೇ ಇಲ್ಲ.

ಇನ್ನೊಂದು ಸೌಲಭ್ಯ 'ವೆರಿಫೈ'. ಅದನ್ನು ಆನ್ ಮಾಡಿದರೆ ಮಡಚುತ್ತಿರುವಾಗಲೇ ಬಿಚ್ಚಿ ನೋಡಿ, ಕೊಟ್ಟದ್ದರೊಂದಿಗೆ ಹೋಲಿಸುತ್ತದೆ. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಆದರೆ ಇದನ್ನೇ ನಂಬಿ ಕೂರಬಾರದು. ಅಂಕೆಯನ್ನು ಲೈಬ್ರರಿಗೆ ಕೊಡುವಾಗ ನಾವೇ ತಪ್ಪಾಗಿ ಕೊಟ್ಟೆವು ಅಂತಿಟ್ಟುಕೊಳ್ಳಿ. ಲೈಬ್ರರಿ ಆ ತಪ್ಪು ಅಂಕೆಯನ್ನೇ ನಿಷ್ಠೆಯಿಂದ ಮಡಚಿ, ಬಿಚ್ಚಿ, 'ಸರಿ ಇದೆ' ಅನ್ನುತ್ತದೆ. ಅದಕ್ಕೆ ಗೊತ್ತಿರುವುದು ನಾವು ಕೊಟ್ಟದ್ದು ಮಾತ್ರ. ಆದ್ದರಿಂದ ಮುಗಿದ ಫೈಲನ್ನು ಬೇರೆಯಾಗಿ ಡಿಕೋಡ್ ಮಾಡಿ, ಮೊದಲು ರೆಕಾರ್ಡ್ ಮಾಡಿದ ವೇವ್ ಫೈಲಿನ ಅಂಕೆಗಳೊಂದಿಗೆ ಹೋಲಿಸಬೇಕು. ಆಮೇಲೆ ಒಮ್ಮೆ ಕಿವಿಗೊಟ್ಟು ಕೇಳಬೇಕು.

ಡಿಕೋಡ್ ಮಾಡುವಾಗಲೂ ಎರಡು ಎಚ್ಚರ ಬೇಕು. ಎಂಡಿ5 ತಪಾಸಣೆ ತಾನಾಗಿ ನಡೆಯುವುದಿಲ್ಲ, ಅದನ್ನು ಆನ್ ಮಾಡಬೇಕು. ಫಲಿತಾಂಶ ತಿಳಿಯುವುದು ಡಿಕೋಡರ್‌ನ ಫಿನಿಶ್ ಕೊಡುವ ಉತ್ತರದಿಂದ. ಆ ಉತ್ತರವನ್ನು ನೋಡದೆ ಬಿಡುವ ಪ್ರೋಗ್ರಾಂ ಕಣ್ಣುಮುಚ್ಚಿ ಸಹಿ ಹಾಕಿದ ಹಾಗೆ. ಎರಡನೆಯದಾಗಿ, ತಪ್ಪು ಕಂಡಾಗ ತಿಳಿಸಲು ಲೈಬ್ರರಿ ನಮ್ಮಿಂದ ಒಂದು ಫಂಕ್ಷನ್ ಕೇಳುತ್ತದೆ. ಕೇಳುತ್ತದಲ್ಲ ಎಂದು ಖಾಲಿ ಫಂಕ್ಷನ್ ಕೊಟ್ಟು ಸುಮ್ಮನಾಗಬಾರದು. ಧ್ವನಿಯನ್ನು ಫ್ಲ್ಯಾಕ್ ಸಣ್ಣ ಸಣ್ಣ ತುಂಡುಗಳಾಗಿ ಇಡುತ್ತದೆ. 4096 ಸ್ಯಾಂಪಲ್‌ಗಳ ಒಂದು ತುಂಡೆಂದರೆ, ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರತಿ ತುಂಡಿಗೂ ತನ್ನದೇ ತಪಾಸಣೆಯ ಅಂಕೆ ಇದೆ. ಪೆನ್‌ಡ್ರೈವ್‌ನ ಒಂದು ಮೂಲೆ ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಅದು ಹೇಳುತ್ತದೆ. ಕೇಳಿಸಿಕೊಳ್ಳುವವರು ಬೇಕಷ್ಟೆ.

'ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ, ಎಂಪಿ3 ಸಾಕಲ್ವಾ? ಕೇಳುವಾಗ ಎರಡೂ ಒಂದೇ' ಎನ್ನುವವರಿದ್ದಾರೆ. ಕೇಳಲು ಸಾಕು, ಒಪ್ಪುತ್ತೇವೆ. ಗ್ರೂಪಿಗೆ ಎಂಪಿ3ಯೇ ಕಳುಹಿಸಿ. ಆದರೆ ಮೂಲ ಪ್ರತಿಯ ಕೆಲಸ ಇವತ್ತು ಕೇಳುವುದಕ್ಕೆ ಮುಗಿಯುವುದಿಲ್ಲ. ನಾಳೆ ಬರುವ ಉತ್ತಮ ಉಪಕರಣ ಟೇಪಿನ ಸದ್ದಿನಡಿ ಮುಚ್ಚಿಹೋದ ಮಾತನ್ನು ಎತ್ತಿ ತೆಗೆಯಬಹುದು; ಅದಕ್ಕೆ ಕತ್ತರಿ ಬೀಳದ ಧ್ವನಿ ಬೇಕು. ಅದೇ ಕಾರಣಕ್ಕೆ ಸದ್ದು ತೆಗೆದು ಚೆಂದ ಮಾಡುವುದಿದ್ದರೂ ಬೇರೆ ಪ್ರತಿಯಲ್ಲಿ ಮಾಡಬೇಕು. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಹೋದದ್ದು ಬರುವುದಿಲ್ಲ ಎಂಬುದೂ ನೆನಪಿರಲಿ. ಲಾಸ್‌ಲೆಸ್ ಎಂದರೆ ಒಳ್ಳೆಯ ಧ್ವನಿ ಎಂದಲ್ಲ, ಬದಲಾಗದ ಧ್ವನಿ ಎಂದು ಮಾತ್ರ ಅರ್ಥ.

ಜಾಗದ ಮಾತೂ ಬರುತ್ತದೆ. ಸಿಡಿ ಗುಣಮಟ್ಟದ ಒಂದು ಗಂಟೆಯ ಸ್ಟೀರಿಯೋ ಧ್ವನಿ ಮಡಚದೆ ಇಟ್ಟರೆ ಸುಮಾರು 635 ಎಂಬಿ. 128 ಕೆಬಿಪಿಎಸ್‌ನ ಎಂಪಿ3 ಸುಮಾರು 58 ಎಂಬಿ. ವ್ಯತ್ಯಾಸ ದೊಡ್ಡದೇ. ಆದರೆ 32 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ, ಮಡಚದೆಯೇ ಸುಮಾರು 50 ಗಂಟೆ ಹಿಡಿಸುತ್ತದೆ. ಫ್ಲ್ಯಾಕ್‌ನಲ್ಲಿ ಅದಕ್ಕಿಂತ ಹೆಚ್ಚು. ನಮ್ಮ ಫೋನ್‌ಗಳಲ್ಲಿ ತುಂಬಿರುವ 'ಗುಡ್ ಮಾರ್ನಿಂಗ್' ವೀಡಿಯೋಗಳಿಗಿಂತ ಇದು ಭಾರವಾಯಿತೇ? ಧ್ವನಿ ದಾಖಲೆಗಾರರ ಅಂತಾರಾಷ್ಟ್ರೀಯ ಸಂಘ ಐಎಎಸ್‌ಎ, ಇಂಥ ಹಳೆಯ ಧ್ವನಿಗೆ ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಇರಲಿ ಎನ್ನುತ್ತದೆ. ಅದು ಶಿಫಾರಸು ಮಾಡುವುದು ವೇವ್ ರೂಪವನ್ನು. ಸಂಸ್ಥೆಗಳು ಹಾಗೆಯೇ ಮಾಡಲಿ. ಮನೆಯವರಿಗೆ ಮಾತ್ರ ಜಾಗ ಉಳಿಸಿ, ತಪ್ಪನ್ನೂ ತೋರಿಸಿಕೊಡುವ ಫ್ಲ್ಯಾಕ್ ಹೆಚ್ಚು ಅನುಕೂಲ ಎಂಬುದು ನಮ್ಮ ಅಭಿಪ್ರಾಯ.

ಬ್ಯಾರಿ ಭಾಷೆಯನ್ನು ನಾವು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಬರೆದರೆ ಪದ ಉಳಿಯುತ್ತದೆ. ಎಳೆದು ಆಡುವ ರೀತಿ, ಊರಿಂದೂರಿಗೆ ಬದಲಾಗುವ ರಾಗ ಉಳಿಯುವುದಿಲ್ಲ. ಅದು ಇರುವುದು ಧ್ವನಿಯಲ್ಲಿ. ಆ ಧ್ವನಿ ಯಾರದೆಂದು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಫ್ಲ್ಯಾಕ್ ಫೈಲಿನೊಳಗೆ ಹೆಸರು, ಊರು, ವರ್ಷ, ಸಂದರ್ಭವನ್ನು ಕನ್ನಡ ಅಕ್ಷರಗಳಲ್ಲೇ ಬರೆದಿಡಬಹುದು. ಅದಕ್ಕೂ ಲಿಬ್‌ಫ್ಲ್ಯಾಕ್‌ನಲ್ಲಿ ವ್ಯವಸ್ಥೆ ಉಂಟು. ಹೆಸರಿಲ್ಲದ ಸಾವಿರ ಫೈಲ್‌ಗಳಿಗಿಂತ ಹೆಸರಿರುವ ಹತ್ತು ಮೇಲು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಗಲ್ಫ್ ಕ್ಯಾಸೆಟ್‌ಗಳು ಗಂಡ ಹೆಂಡತಿಗೆ, ಮಗ ಉಮ್ಮನಿಗೆ ಆಡಿದ ಮಾತು. ಸಾಲದ ಲೆಕ್ಕ, ಮನಸ್ತಾಪ, ಅಳು ಎಲ್ಲ ಅದರಲ್ಲಿರುತ್ತದೆ. ಇಳಿಸಿಕೊಡುವ ಹುಡುಗನಿಗೆ ಅದು ಅಮಾನತ್ತು. ಮನೆಯವರ ಒಪ್ಪಿಗೆ ಇಲ್ಲದೆ ಒಂದು ತುಂಡೂ ಹೊರಗೆ ಹೋಗಬಾರದು.

ಆದ್ದರಿಂದ ಕಂಪ್ಯೂಟರ್ ಕಲಿತ ನಮ್ಮ ಮಕ್ಕಳಿಗೆ ಹೇಳುವುದಿಷ್ಟು. ಈ ರಜೆಯಲ್ಲಿ ಒಂದೇ ಒಂದು ಕ್ಯಾಸೆಟ್ ತೆಗೆದುಕೊಳ್ಳಿ. ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿ ಹೆಸರುಗಳನ್ನು ಬರೆದುಕೊಳ್ಳಿ. ಮಡಚಿ, ಬಿಚ್ಚಿ, ಹೋಲಿಸಿ ನೋಡಿ. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಿ. ಗುರುತು ಹೊಂದಿದ ಮೇಲೂ ಕ್ಯಾಸೆಟನ್ನು ಗುಜರಿಯವನಿಗೆ ಕೊಡಬೇಡಿ.